ನಾಲ್ಕನೇ ಚುಕ್ಕಿ

"ಇನ್ನೊಂದು ಸಲ ಓದಿ," ಎಂದಳು ಆಕೆ.

ಪ್ರೂಫಣ್ಣ ಬೆರಳುಗಳನ್ನು ಮತ್ತೆ ಹಾಳೆಯ ಮೇಲ್ತುದಿಗೆ ತಂದರು. ದಪ್ಪನೆಯ ಹಾಳೆ. ಅದರ ಮೇಲೆ ಶಾಯಿಯ ಗುರುತೇ ಇಲ್ಲ, ಸಾಲುಸಾಲು ಉಬ್ಬುಚುಕ್ಕಿಗಳು ಮಾತ್ರ. ಎಡಗೈಯ ತೋರುಬೆರಳು ಸಾಲಿನ ಬುಡ ಹಿಡಿದು ನಿಂತಿತು, ಬಲಗೈಯದು ಮುಂದೆ ಸರಿಯಿತು.

"'ಪುಸ್ತಕ ಮಾಡುವವರಿಗೆ ನಮಸ್ಕಾರ. ನಾನು ಆರನೇ ಕ್ಲಾಸಿನ ಹುಡುಗಿ. ಗಣಿತ ಪುಸ್ತಕದ ಮೂರನೇ ಪಾಠದಲ್ಲಿ ಹದಿನಾಲ್ಕನೇ ಲೆಕ್ಕಕ್ಕೆ ನನಗೆ ಇಪ್ಪತ್ತಾರು ಬರುತ್ತೆ. ಪುಸ್ತಕದ ಹಿಂದೆ ಉತ್ತರ ಇಪ್ಪತ್ತೆಂಟು ಅಂತ ಇದೆ. ನಾಲ್ಕು ಸಲ ಮಾಡಿದೆ. ಪುಸ್ತಕ ಸುಳ್ಳು ಹೇಳಲ್ಲ ಅಂದರು ಟೀಚರ್. ಹಾಗಾದರೆ ನನ್ನ ತಲೆ ಎಲ್ಲಿ ತಪ್ಪುತ್ತಿದೆ ಅಂತ ದಯವಿಟ್ಟು ತಿಳಿಸಿ.'"

ಹಾಳೆಯನ್ನು ಮಡಿಸಲು ಹೋದವರು ಚುಕ್ಕಿ ಚಪ್ಪಟೆಯಾದೀತೆಂದು ಕೈ ಬಿಟ್ಟರು. "ಎಷ್ಟು ಮರ್ಯಾದೆಯಿಂದ ಕೇಳಿದೆ ನೋಡಿ ಮಗು," ಎಂದರು. "ಬೈದಿದ್ರೇ ಚೆನ್ನಾಗಿತ್ತು."

ಅಂಧ ಮಕ್ಕಳಿಗಾಗಿ ಬ್ರೈಲ್ ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯ ಅದು. ಕೆಳಗಿನ ಹಾಲಿನಲ್ಲಿ ಚುಕ್ಕಿ ಒತ್ತುವ ಯಂತ್ರ. ಮೇಲಿನ ಮಹಡಿಯಲ್ಲಿ ಹಾಳೆ ಜೋಡಿಸಿ ಹೊಲಿದು ರಟ್ಟು ಅಂಟಿಸುವ ಹೆಂಗಸರು. ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ ಕರಡು ಓದುವ ಪ್ರೂಫಣ್ಣ. ಹುಟ್ಟಿನಿಂದಲೇ ಕಣ್ಣಿಲ್ಲದ ಅವರು ಆ ಕುರ್ಚಿಯಲ್ಲಿ ಕೂತು ಮೂವತ್ತೊಂದು ವರ್ಷವಾಗಿತ್ತು. ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಬಾಗಿಲಿಗೆ ಒರಗಿ ಮ್ಯಾನೇಜರ್. ಕಂಪ್ಯೂಟರಿನ ಮುಂದಿನ ಸ್ಟೂಲಿನ ಮೇಲೆ ಕೈಕಟ್ಟಿ ಕೂತ ರಿಪೇರಿಯವನು. ಎದುರಿನ ರಸ್ತೆಯಲ್ಲಿ ಅವನ ಕಂಪ್ಯೂಟರ್ ಅಂಗಡಿ. ಮೂವತ್ತೈದರ ಆಸುಪಾಸು, ಶರ್ಟಿನ ಜೇಬಿನಲ್ಲಿ ಮೂರು ಸ್ಕ್ರೂಡ್ರೈವರು.

ಮುದ್ರಣಾಲಯದ ಹಳೆಯ ಕಂಪ್ಯೂಟರು ಮೂರು ತಿಂಗಳ ಹಿಂದೆ ಕೆಟ್ಟು ನಿಂತಿತ್ತು. ಅಕ್ಷರವನ್ನು ಚುಕ್ಕಿಗೆ ತಿರುಗಿಸಿ ಯಂತ್ರಕ್ಕೆ ಕಳಿಸುವ ಪ್ರೋಗ್ರಾಮು ಅದರಲ್ಲಿತ್ತು. ಅದನ್ನು ಹೊಸ ಕಂಪ್ಯೂಟರಿಗೆ ಹಾಕಿದರೆ 'ಇದು ನನ್ನ ಯಂತ್ರವಲ್ಲ' ಎಂದು ಸಾಲು ತೋರಿಸಿ ಕೂತುಬಿಟ್ಟಿತು. ಬೇರೆ ಪ್ರೋಗ್ರಾಮು ತರೋಣವೆಂದರೆ ಚುಕ್ಕಿ ಒತ್ತುವ ಯಂತ್ರ ಇದರ ಮಾತೊಂದನ್ನೇ ಕೇಳುತ್ತಿತ್ತು. ಮಾಡಿಕೊಟ್ಟ ಕಂಪನಿ ಮುಚ್ಚಿ ಹದಿನಾಲ್ಕು ವರ್ಷ. ಶಾಲೆಗಳು ತೆರೆಯುವ ಹೊತ್ತು ಬೇರೆ. ಆಗ ರಿಪೇರಿಯವನು ಎರಡು ದಿನ ಕೂತು ಅದರ ಬಾಯಿ ಬಿಡಿಸಿದ್ದ. ಯಂತ್ರ ಮತ್ತೆ ಕಟಕಟ ಎಂದಾಗ ಮಹಡಿಯ ಹೆಂಗಸರು ಕೆಳಗಿಳಿದು ಬಂದು ಚಪ್ಪಾಳೆ ತಟ್ಟಿದ್ದರು. ಗಣಿತ ಪುಸ್ತಕ ಮೂರು ಶಾಲೆಗಳಿಗೆ ಹೋಯಿತು. ಆಮೇಲೆ ಈ ಪತ್ರ ಬಂತು.

ಹಳೆಯ ಕಂಪನಿಯ ಮಾಲೀಕರನ್ನು ಮ್ಯಾನೇಜರ್ ಹೇಗೋ ಪತ್ತೆ ಹಚ್ಚಿದರು. "ಆ ಪ್ರೋಗ್ರಾಮಿಗೆ ಬೀಗ ಹಾಕಿದವಳು ಇನ್ನೂ ಇದ್ದಾಳೆ. ಅವಳನ್ನೇ ಕರೀರಿ," ಎಂದು ಅವರು ಈಗ ಎದುರಿಗೆ ನಿಂತಿದ್ದ ಆಕೆಯ ಫೋನ್ ನಂಬರು ಕೊಟ್ಟಿದ್ದರು.

"ತಪ್ಪುಗಳನ್ನ ಪಟ್ಟಿ ಮಾಡಿದ್ದೀರಾ?" ಆಕೆ ಕೇಳಿದಳು.

ಮ್ಯಾನೇಜರ್ ಒಂದು ಚೀಟಿ ಕೊಟ್ಟರು. "ಹನ್ನೊಂದು ಸಿಕ್ಕಿದೆ. ಮೂರು ಇರಬೇಕಾದಲ್ಲಿ ಐದು. ಆರು ಇರಬೇಕಾದಲ್ಲಿ ಎಂಟು. ಇವೆರಡೇ, ಬೇರೆ ಒಂದೂ ಇಲ್ಲ. ಅಕ್ಷರ ಅಂತೂ ಒಂದೂ ತಪ್ಪಿಲ್ಲ."

ಆಕೆ ಚೀಟಿಯನ್ನು ನೋಡುತ್ತಾ ನಿಂತಳು. ಬ್ರೈಲಿನ ಒಂದು ಮನೆಯಲ್ಲಿ ಆರು ಚುಕ್ಕಿಗಳಿಗೆ ಜಾಗ. ಎಡಗಂಬದಲ್ಲಿ ಮೇಲಿನಿಂದ ಒಂದು, ಎರಡು, ಮೂರು. ಬಲಗಂಬದಲ್ಲಿ ನಾಲ್ಕು, ಐದು, ಆರು. ಮೂರೆಂಬ ಅಂಕಿಗೆ ಒಂದನೇ ಮತ್ತು ನಾಲ್ಕನೇ ಚುಕ್ಕಿ. ಆ ನಾಲ್ಕನೇ ಚುಕ್ಕಿ ಒಂದು ಮೆಟ್ಟಿಲು ಕೆಳಗೆ ಜಾರಿದರೆ ಅದು ಐದು. ಆರರಲ್ಲಿ ಜಾರಿದರೆ ಎಂಟು. ಆಕೆ ಇದನ್ನು ಲೆಕ್ಕ ಹಾಕಬೇಕಾಗಿಯೇ ಇರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಕೂತು ಹಾಕಿದ್ದಾಗಿತ್ತು.

"ಕೆಡಿಸಿದ್ದು ಇವನೇ," ಮ್ಯಾನೇಜರ್ ಸ್ಟೂಲಿನತ್ತ ಗದ್ದ ಎತ್ತಿ ತೋರಿಸಿದರು. "ಒಳಗೆ ಕೈ ಹಾಕಿ ಏನೋ ಕಳಚಿದ್ದಾನೆ."

"ಕಳಚಿದ್ದು ಒಂದೇ ಒಂದು ಸಾಲು ಸಾರ್," ಎಂದ ರಿಪೇರಿಯವನು. ಎಷ್ಟು ಸಲ ಹೇಳಿದ್ದನೋ, ದನಿಯಲ್ಲಿ ಜೀವವಿರಲಿಲ್ಲ. "ಅಂಕಿಯ ಹತ್ತಿರಾನೂ ನಾನು ಹೋಗಿಲ್ಲ."

"ಅವನನ್ನ ಯಾಕೆ ಬೈತೀರಿ?" ಪ್ರೂಫಣ್ಣ ಎಂದರು. "ಪ್ರೂಫ್ ನಾನು ಓದಿದ್ದು. ನನ್ನ ಬೆರಳ ಕೆಳಗೇ ದಾಟಿ ಹೋಗಿದೆ ಇಪ್ಪತ್ತೆಂಟು." ಆಕೆಯ ಕಡೆ ಮುಖ ತಿರುಗಿಸಿ, "ಸಕ್ಕರೆ ಕಾಯಿಲೆ ನೋಡಿ, ಬೆರಳ ತುದಿ ಜೋಮು ಹಿಡಿಯುತ್ತೆ ಅಂತ ಡಾಕ್ಟ್ರು ಹೇಳ್ತಾನೇ ಇದ್ರು. ಹಿಡೀತು ಅಂತ ಕಾಣುತ್ತೆ. ಈ ತಿಂಗಳ ಕೊನೆಗೆ ಬಿಡ್ತೀನಿ ಅಂತ ಬರೆದು ಕೊಟ್ಟಿದ್ದೀನಿ," ಎಂದರು.

ಆಕೆ ಮಾತಾಡಬಹುದಿತ್ತು. "ನಾಳೆ ಬೆಳಿಗ್ಗೆ ಬರ್ತೀನಿ," ಎಂದಷ್ಟೇ ಹೇಳಿ ಚೀಲ ಹೆಗಲಿಗೇರಿಸಿದಳು.

ಮನೆಯಲ್ಲಿ ಗಂಡ ಜಗಲಿಯ ಮೇಲೆ ಛತ್ರಿಯೊಂದನ್ನು ಬಿಚ್ಚಿ ಹರವಿಕೊಂಡು ಕಡ್ಡಿಗೆ ತಂತಿ ಸುತ್ತುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಕೈಗೆ ಏನಾದರೂ ಹಿಡಿಯಲು ಬೇಕಿತ್ತು.

"ಏನೇ, ಮುಖ ಇಷ್ಟುದ್ದ ಆಗಿದೆ? ಬೀಗ ತೆಗೆಯೋಕೆ ಬರಲಿಲ್ವಾ?"

ಆಕೆ ಚಪ್ಪಲಿ ಬಿಟ್ಟು ಪಕ್ಕದಲ್ಲೇ ಕೂತಳು. ಹೇಳತೊಡಗಿದಳು. ಆಗ ಆಕೆಗೆ ಇಪ್ಪತ್ತೊಂಬತ್ತು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಆರು ಜನರ ಕಂಪನಿ. ಮಾಡಿದ ಪ್ರೋಗ್ರಾಮು ಮಾರುಕಟ್ಟೆಗೆ ಬಂದ ವಾರಕ್ಕೇ ಅದರ ಕಳ್ಳ ಪ್ರತಿ ಬರುತ್ತಿತ್ತು. ಹಾಕಿದ ಬೀಗವನ್ನೆಲ್ಲ ಯಾರೋ ಒಡೆಯುತ್ತಿದ್ದರು. ಒಡೆಯುವವರ ಕೈಯಲ್ಲಿದ್ದದ್ದು ಡಿಬಗರ್, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ ಒಳಗೆ ಇಣುಕುವ ಸಾಧನ. ಹಾಗಾಗಿ ಆಕೆ ತನ್ನ ಬೀಗಕ್ಕೆ, ಯಾರಾದರೂ ಇಣುಕಿದರೆ, ಏನಾದರೂ ಬದಲಿಸಿದರೆ ಗೊತ್ತಾಗುವಂತೆ ಕಲಿಸಿದಳು. ಗೊತ್ತಾದಾಗ ಏನು ಮಾಡಬೇಕು? ಪ್ರೋಗ್ರಾಮು ನಿಂತುಬಿಟ್ಟರೆ ಕಳ್ಳನಿಗೆ ಎಲ್ಲಿ ಸಿಕ್ಕಿಬಿದ್ದೆ ಎಂದು ತಿಳಿಯುತ್ತದೆ, ಆ ಜಾಗವನ್ನು ದಾಟುತ್ತಾನೆ. ಆದ್ದರಿಂದ ಅದು ನಿಲ್ಲಬಾರದು. ಏನೂ ಆಗದವರ ಹಾಗೆ ಓಡುತ್ತಲೇ ಇರಬೇಕು. ಆಗೊಮ್ಮೆ ಈಗೊಮ್ಮೆ ಒಂದು ಚುಕ್ಕಿಯನ್ನು ಮಾತ್ರ ಕೆಳಗೆ ಜಾರಿಸಬೇಕು.

"ಅಕ್ಷರದಲ್ಲಿ ಜಾರಿಸಿದ್ರೆ ಪದಾನೇ ಕೂಗಿ ಹೇಳುತ್ತೆ, ತಪ್ಪಾಗಿದೆ ಅಂತ. ಅಂಕಿ ಕೂಗಲ್ಲ ನೋಡಿ. ಅದಕ್ಕೇ ಅಂಕಿ ಆರಿಸಿದೆ," ಎಂದಳು. "ಅವತ್ತು ಎಷ್ಟು ಹೆಮ್ಮೆ ಪಟ್ಟಿದ್ದೆ ಗೊತ್ತಾ? ಆರೂ ಜನ ನಿಂತು ಕೈ ಕುಲುಕಿದ್ರು."

ಗಂಡ ತಂತಿಯನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದ. ಸ್ವಲ್ಪ ಯೋಚಿಸಿದ.

"ಟಿಕೆಟ್ ಇಲ್ಲದೆ ಒಬ್ಬ ಹತ್ತಿದ ಅಂತ ಇಡೀ ಬಸ್ಸನ್ನೇ ಬೇರೆ ಊರಿಗೆ ತಿರುಗಿಸಿದ ಹಾಗಾಯ್ತಲ್ಲೇ. ಒಳಗೆ ಉಳಿದವರೂ ಇರ್ತಾರಲ್ವಾ?"

"ಉಳಿದವರು ನನಗೆ ಆಗ ಕಾಣಲೇ ಇಲ್ಲ."

"ಹಿಂದೆ ನೋಡೋ ಕನ್ನಡಿ ಹಾಕಿರಲಿಲ್ಲ ನೀನು," ಎಂದು ಅವನು ಛತ್ರಿಯನ್ನು ಫಟ್ಟನೆ ಬಿಚ್ಚಿ ಆಕೆಯ ತಲೆಯ ಮೇಲೆ ಹಿಡಿದ. ಒಂದು ಕಡ್ಡಿ ಇನ್ನೂ ಜೋಲುತ್ತಿತ್ತು. ಆಕೆಗೆ ನಗು ಬಂತು, ಬೇಡವೆಂದರೂ ಬಂತು. "ನಾಳೆ ಹೋದ ತಕ್ಷಣ ಹೇಳಿಬಿಡು. ತಡ ಮಾಡಿದಷ್ಟೂ ಅದು ಗಂಟಲಲ್ಲಿ ದಪ್ಪ ಆಗುತ್ತೆ."

ಆದರೆ ಮರುದಿನ ಬೆಳಿಗ್ಗೆ ಆಕೆ ಮೊದಲು ಹೇಳಲಿಲ್ಲ. ಮೊದಲು ಕಂಪ್ಯೂಟರಿನ ಮುಂದೆ ಕೂತು ಗಣಿತ ಪುಸ್ತಕದ ಉತ್ತರಗಳ ಪುಟವನ್ನು ತೆರೆದಳು. "ಇದೊಂದೇ ಪುಟ, ಆರು ಸಲ ಒತ್ತಿಸಿ," ಎಂದು ಮ್ಯಾನೇಜರಿಗೆ ಹೇಳಿದಳು. ಯಂತ್ರ ಕಟಕಟಿಸಿತು. ಬೆಚ್ಚಗಿನ ಆರು ಹಾಳೆಗಳನ್ನು ಪ್ರೂಫಣ್ಣನ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಓದಿ ಅಣ್ಣ. ಅಂಕಿಗಳನ್ನ ಮಾತ್ರ ಜೋರಾಗಿ ಹೇಳಿ."

ಪ್ರೂಫಣ್ಣ ಓದಿದರು. ಮೊದಲ ಹಾಳೆ, ಎರಡನೆಯದು. ಮೂರನೆಯದರ ಮಧ್ಯದಲ್ಲಿ ಬೆರಳು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂತು. ಎರಡನೆಯ ಹಾಳೆಯನ್ನು ಎಳೆದುಕೊಂಡು ಅದೇ ಸಾಲನ್ನು ಮುಟ್ಟಿದರು.

"ಇದರಲ್ಲಿ ಹದಿಮೂರು," ಎಂದರು. "ಇದರಲ್ಲಿ ಹದಿನೈದು."

"ಒಂದೇ ಪುಟ. ಒಂದೇ ಕಡತ. ಮುಂದೆ ಓದಿ."

ಐದನೆಯ ಹಾಳೆಯಲ್ಲಿ ಬೇರೆ ಜಾಗದಲ್ಲಿ ಆರು ಎಂಟಾಗಿತ್ತು. ಉಳಿದ ನಾಲ್ಕರಲ್ಲಿ ಎಲ್ಲವೂ ಸರಿ. ಆಕೆ ಅವರ ಎದುರು ಕುರ್ಚಿ ಎಳೆದು ಕೂತಳು.

"ಒತ್ತಿದಾಗೆಲ್ಲ ಬೇರೆ ಬೇರೆ ಕಡೆ ತಪ್ಪುತ್ತೆ ಅಣ್ಣ. ನಿಮಗೆ ಬಂದ ಪ್ರೂಫ್ ಹಾಳೇಲಿ ಇಪ್ಪತ್ತಾರೇ ಇತ್ತು. ನೀವು ಸರಿಯಾಗೇ ಓದಿದ್ರಿ. ತಪ್ಪಿದ್ದು ಆಮೇಲೆ, ಶಾಲೆಗೆ ಅಂತ ಒತ್ತಿದಾಗ. ನಿಮ್ಮ ಬೆರಳಿಗೆ ಏನೂ ಆಗಿಲ್ಲ."

ಪ್ರೂಫಣ್ಣ ಹತ್ತೂ ಬೆರಳನ್ನು ಮೇಜಿನ ಮೇಲೆ ಹರಡಿದರು.

"ನೋಡಿದ್ಯೇನಯ್ಯ, ನೀನು ಮಾಡಿದ ಕೆಲಸ," ಎಂದು ಮ್ಯಾನೇಜರ್ ರಿಪೇರಿಯವನ ಕಡೆ ತಿರುಗಿದರು.

"ಅವರು ಮಾಡಿದ್ದಲ್ಲ. ನಾನು," ಎಂದಳು ಆಕೆ. ಮತ್ತೆ ಎಲ್ಲವನ್ನೂ ಹೇಳಿದಳು. ಗಂಡನೆದುರು ಹೇಳಿದ್ದಕ್ಕಿಂತ ಇದು ಕಷ್ಟವಾಯಿತು, ಏಕೆಂದರೆ ಇಲ್ಲಿ ಯಾರೂ ನಡುವೆ ಮಾತಾಡಲಿಲ್ಲ. ರಿಪೇರಿಯವನು ಒಂದು ಸಾಲು ಬದಲಿಸಿದ್ದ, ನಿಜ. ಆದರೆ ತನ್ನ ಮೈಯ ಒಂದು ಅಕ್ಷರ ಬದಲಾದರೂ ಅದನ್ನು ಕಂಡುಹಿಡಿಯುವಂತೆ, ಕಂಡುಹಿಡಿದರೂ ಬಾಯಿ ಬಿಡದಂತೆ, ಸದ್ದಿಲ್ಲದೆ ಅಂಕಿ ತಿರುಚುವಂತೆ ಆ ಪ್ರೋಗ್ರಾಮಿಗೆ ಕಲಿಸಿಟ್ಟವಳು ತಾನು. ಕಳ್ಳರಿಗೆಂದು ಇಟ್ಟದ್ದು. ತೂಕದಲ್ಲಿ ಮೋಸ ಮಾಡಿದ ಅಂಗಡಿಯವಳ ಹಾಗೆ ತಲೆ ತಗ್ಗಿಸಿ ಮುಗಿಸಿದಳು.

ಪ್ರೂಫಣ್ಣ ಆರೂ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಪಕ್ಕಕ್ಕಿಟ್ಟರು.

"ಇಪ್ಪತ್ತೊಂಬತ್ತಕ್ಕೇ ಇಷ್ಟು ಜಾಣತನಾನಾ?" ಎಂದರು ಕೊನೆಗೆ. "ಸ್ವಲ್ಪ ಕಡಿಮೆ ಇದ್ದಿದ್ರೆ ನಡೀತಿತ್ತಮ್ಮ."

"ನಡೀತಿತ್ತು ಅಣ್ಣ."

"ಮೂರು ವಾರದಿಂದ ದಿನಾ ಈ ಬೆರಳುಗಳಿಗೆ ಬೈತಿದ್ದೆ. ಪಾಪ, ಅವು ಏನೂ ಹೇಳದೆ ಬೈಸಿಕೊಂಡ್ವು." ಅವರು ಬಲಗೈಯನ್ನು ಎಡಗೈಯಿಂದ ಸವರಿದರು, ನಾಯಿಮರಿಯನ್ನು ಸವರುವ ಹಾಗೆ. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು. "ಬೈಯೋಕೆ ಈಗಾದ್ರೂ ಸರಿಯಾದ ಜನ ಸಿಕ್ಕಿದ್ರಲ್ಲ! ನಾಳೆಯಿಂದ ಶುರು ಮಾಡ್ತೀನಿ. ಮ್ಯಾನೇಜರೇ, ಆ ನನ್ನ ಕಾಗದ ವಾಪಸ್ ಕೊಡಿ."

"ಯಾವ ಕಾಗದ?"

"ಕೆಲಸ ಬಿಡ್ತೀನಿ ಅಂತ ಬರೆದದ್ದು."

"ಓ, ಅದಾ? ಅದು ಬ್ರೈಲಲ್ಲಿತ್ತು. ನನಗೆ ಓದೋಕೆ ಬರಲ್ಲ. ಓದದ ಕಾಗದದ ಮೇಲೆ ನಾನು ಏನು ಅಂತ ಕ್ರಮ ತಗೊಳ್ಳಲಿ?" ಎಂದರು, ಹತ್ತೊಂಬತ್ತು ವರ್ಷದಿಂದ ಬ್ರೈಲ್ ಮುದ್ರಣಾಲಯ ನಡೆಸುತ್ತಿದ್ದ ಮ್ಯಾನೇಜರ್. ಆಮೇಲೆ ರಿಪೇರಿಯವನ ಹೆಗಲ ಮೇಲೆ ಕೈಯಿಟ್ಟು, ಏನೋ ಹೇಳಲು ಹೋಗಿ, "ಚಹಾ ಕುಡೀತೀಯೇನಯ್ಯ?" ಎಂದು ಕೇಳಿದರು. ಅವರ ಕ್ಷಮೆ ಅಷ್ಟೇ. ಅವನಿಗೆ ಅಷ್ಟು ಸಾಕಾಯಿತು.

ಬೀಗ ಬಿಚ್ಚುವ ಕೆಲಸ ಇನ್ನೂ ಹಾಗೇ ಉಳಿದಿತ್ತು. ಆಕೆ ಹಳೆಯ ಕಂಪನಿಯ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದಳು. "ನಮ್ಮ ಮನೆ ಬೀಗ, ನಮ್ಮ ಮನೆ ಹುಡುಗಿ. ಒಡಿಯಮ್ಮ. ಬರೆದು ಕೂಡ ಕೊಡ್ತೀನಿ," ಎಂದರು ಅವರು. "ಆದರೆ ನೀನು ಬರೆದ ಮೂಲ ಕಡತ ಮಾತ್ರ ಕೇಳಬೇಡ. ಕಂಪನಿ ಮುಚ್ಚಿದಾಗ ಆ ಡಿಸ್ಕುಗಳು ಎಲ್ಲಿ ಹೋದವೋ ದೇವರೇ ಬಲ್ಲ."

ಮೂಲ ಕಡತವಿಲ್ಲದಿದ್ದರೆ ಹೊರಗಿನಿಂದಲೇ ಒಳಹೊಗಬೇಕು, ಕಳ್ಳ ಹೊಗುವಂತೆ. ರಿಪೇರಿಯವನು ತನ್ನ ಸ್ಟೂಲನ್ನು ಪಕ್ಕಕ್ಕೆ ಎಳೆದುಕೊಂಡ. ಇಬ್ಬರೂ ಡಿಬಗರಿನಲ್ಲಿ ಪ್ರೋಗ್ರಾಮನ್ನು ತೆರೆದರು. ಮೊದಲ ಪ್ರಶ್ನೆಯನ್ನು ದಾಟುವುದು ಸುಲಭವಿತ್ತು. ಪ್ರೋಗ್ರಾಮು ಕಂಪ್ಯೂಟರನ್ನು ನೇರವಾಗಿ 'ನನ್ನನ್ನು ಯಾರಾದರೂ ನೋಡುತ್ತಿದ್ದಾರಾ?' ಎಂದು ಕೇಳುತ್ತಿತ್ತು, ಇವರು ಕಂಪ್ಯೂಟರಿನಿಂದ 'ಇಲ್ಲ' ಎನ್ನಿಸಿದರು. ಹತ್ತು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಅದು ಅಡ್ಡದಾರಿ ಹಿಡಿದು ಅರ್ಥವಿಲ್ಲದ ಕಡೆ ಸುತ್ತತೊಡಗಿತು.

"ನಾಡಿ ನೋಡ್ಕೊಂಡಿತು," ಎಂದಳು ಆಕೆ. "ಪ್ರೊಸೆಸರಿನ ಒಳಗೆ ಒಂದು ಎಣಿಕೆ ಇರುತ್ತಲ್ಲ, ಪ್ರತಿ ಬಡಿತಕ್ಕೂ ಒಂದೊಂದು ಏರುತ್ತಾ ಹೋಗೋದು? ಅದನ್ನ ಒಂದು ಸಲ ಓದುತ್ತೆ, ನಾಲ್ಕು ಹೆಜ್ಜೆ ಬಿಟ್ಟು ಇನ್ನೊಂದು ಸಲ ಓದುತ್ತೆ. ನಾವು ನಡುವೆ ನಿಲ್ಲಿಸಿದ್ವಿ. ಅದಕ್ಕೆ ಒಂದು ಯುಗ ಕಳೆದ ಹಾಗೆ ಕಾಣುತ್ತೆ."

ಅದನ್ನು ದಾಟಿದರೆ ಇನ್ನೊಂದು. ಪ್ರೋಗ್ರಾಮು ಬೇಕೆಂದೇ ಒಂದು ತಪ್ಪು ಮಾಡುತ್ತಿತ್ತು. ಆ ತಪ್ಪಿನ ಸುದ್ದಿ ತನಗೇ ವಾಪಸು ಬರಬೇಕು. ಡಿಬಗರ್ ಇದ್ದರೆ ಸುದ್ದಿ ಮೊದಲು ಅದರ ಕೈಗೆ ಹೋಗುತ್ತದೆ.

"ತನ್ನ ಮನೆ ಕರೆಗಂಟೆ ತಾನೇ ಒತ್ತೋದು," ಎಂದ ರಿಪೇರಿಯವನು, ಕಣ್ಣರಳಿಸಿ. "ಒಳಗಿಂದ ಬೇರೆ ಯಾರೋ ಬಂದು ಬಾಗಿಲು ತೆಗೆದ್ರೆ ಮನೇಲಿ ಯಾರೋ ಸೇರ್ಕೊಂಡಿದ್ದಾರೆ ಅಂತ ಅರ್ಥ! ಮೇಡಂ, ಇದನ್ನ ನೀವು ಪುಸ್ತಕ ನೋಡದೆ ಮಾಡಿದ್ರಾ?"

"ಆಗ ಪುಸ್ತಕ ಎಲ್ಲಿತ್ತು? ಪ್ರೊಸೆಸರಿನ ಕೈಪಿಡಿ ಒಂದಿತ್ತು. ಅದನ್ನೇ ಕಾದಂಬರಿ ಹಾಗೆ ಓದ್ತಿದ್ದೆ."

ಹೀಗೆ ಎರಡು ದಿನ ಹೋಯಿತು. ಪ್ರತಿ ಬಲೆಯನ್ನೂ ಆಕೆ ಗುರುತಿಸುತ್ತಿದ್ದಳು, ಆದರೆ ಕಾಲು ಸಿಕ್ಕಿಕೊಂಡ ಮೇಲೆ. ಎಷ್ಟು ಇಟ್ಟಿದ್ದಳು ಎಂಬುದೇ ಮರೆತಿತ್ತು. ಎಲ್ಲಕ್ಕಿಂತ ಕಾಡಿದ್ದು ಕೂಡಿಕೆಯ ಕಾವಲುಗಳು. ಪ್ರೋಗ್ರಾಮು ತನ್ನ ಮೈಯ ಸಂಖ್ಯೆಗಳನ್ನೆಲ್ಲ ತಾನೇ ಕೂಡಿ ಮೊತ್ತ ನೋಡುತ್ತಿತ್ತು. ಡಿಬಗರ್ ಎಲ್ಲಾದರೂ 'ಇಲ್ಲಿ ನಿಲ್ಲು' ಎಂಬ ಒಂದೇ ಒಂದು ಸೂಚನೆ ಚುಚ್ಚಿದರೂ ಮೊತ್ತ ಬೇರೆಯಾಗುತ್ತಿತ್ತು. ಅಂಥ ಕಾವಲುಗಾರನನ್ನು ತೆಗೆಯಲು ಹೋದರೆ, ಅವನನ್ನು ಕಾಯುವ ಇನ್ನೊಬ್ಬ ಬೇರೆ ಕಡೆಯಿಂದ ನೋಡುತ್ತಿದ್ದ.

ಪ್ರೂಫಣ್ಣ ಗಂಟೆಗೊಮ್ಮೆ ಗೋಡೆ ಹಿಡಿದು ಬಂದು, "ಬೈಯೋ ಸಮಯ ಆಯ್ತು. ಎಲ್ಲಿಗೆ ಬಂತು?" ಎಂದು ಕೇಳಿ ಹೋಗುತ್ತಿದ್ದರು.

"ಆ ಹುಡುಗಿ ಬಹಳ ಗಟ್ಟಿಗಿತ್ತಿ," ಎಂದಳು ಆಕೆ ಎರಡನೆಯ ದಿನದ ಸಂಜೆ, ಕಣ್ಣುಜ್ಜಿಕೊಳ್ಳುತ್ತಾ.

"ಯಾರು, ಪತ್ರ ಬರೆದವಳಾ?"

"ಅಲ್ಲ, ನಾನು. ಇಪ್ಪತ್ತೊಂಬತ್ತರ ನಾನು. ನನ್ನನ್ನ ಒಳಗೆ ಬಿಡ್ತಾನೇ ಇಲ್ಲ."

ರಿಪೇರಿಯವನು ಬಿಸ್ಕತ್ತು ಕಚ್ಚುತ್ತಿದ್ದವನು ನಿಲ್ಲಿಸಿದ. "ಮೇಡಂ, ನಾವು ಅದರ ಮನೆಗೆ ಹೋಗ್ತಿದ್ದೀವಿ. ಅದಕ್ಕೇ ಗೊತ್ತಾಗ್ತಿದೆ. ಅದನ್ನೇ ನಮ್ಮ ಮನೆಗೆ ಕರೆದ್ರೆ?"

"ಅಂದ್ರೆ?"

"ಎಮ್ಯುಲೇಟರ್. ಕಂಪ್ಯೂಟರಿನ ಒಳಗೆ ಒಂದು ಸುಳ್ಳು ಕಂಪ್ಯೂಟರ್ ಕಟ್ಟೋಣ. ಪ್ರೊಸೆಸರ್ ನಮ್ಮದೇ, ನಾಡಿನೂ ನಮ್ಮದೇ. ನಾವು ಹತ್ತು ನಿಮಿಷ ಚಹಾ ಕುಡಿದು ಬಂದ್ರೂ ಅದರ ಲೋಕದಲ್ಲಿ ಒಂದು ಕ್ಷಣಾನೂ ಕಳೆದಿರಲ್ಲ. ಒಳಗೆ ಡಿಬಗರೇ ಇಲ್ಲವಲ್ಲ, ಏನನ್ನ ಹಿಡಿಯುತ್ತೆ? ಹಳೇ ಆಟಗಳನ್ನ ಆಡೋಕೆ ನಾನು ಇದನ್ನ ದಿನಾ ಮಾಡ್ತೀನಿ."

ಆಕೆ ಅವನನ್ನು ನೋಡಿದಳು. ತಾನು ಬೀಗ ಬರೆಯುತ್ತಿದ್ದ ಕಾಲದಲ್ಲಿ, ಕಂಪ್ಯೂಟರಿನೊಳಗೆ ಇಡೀ ಕಂಪ್ಯೂಟರನ್ನು ಹೊತ್ತು ಓಡುವಷ್ಟು ತ್ರಾಣ ಯಾವ ಮೇಜಿನ ಮೇಲೂ ಇರಲಿಲ್ಲ. ಆ ಬಾಗಿಲಿಗೆ ಕಾವಲಿಡಬೇಕೆಂದು ಹೊಳೆದೇ ಇರಲಿಲ್ಲ. "ಎರಡು ದಿನದಿಂದ ಇದನ್ನ ಇಟ್ಕೊಂಡು ಸುಮ್ಮನೆ ಕೂತಿದ್ದೀಯಲ್ಲ ಮಾರಾಯ!" ಎಂದಳು. ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡಿಸುತ್ತಿದ್ದುದನ್ನು ಬಿಟ್ಟದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮರುದಿನ ಅವನು ಕಟ್ಟಿದ ಸುಳ್ಳು ಮನೆಯಲ್ಲಿ ಪ್ರೋಗ್ರಾಮು ಆರಾಮವಾಗಿ ಎದ್ದು ಕೂತಿತು. ತನ್ನ ನಾಡಿ ನೋಡಿಕೊಂಡಿತು, ಸರಿಯಾಗಿತ್ತು. ಕರೆಗಂಟೆ ಒತ್ತಿತು, ತಾನೇ ಹೋಗಿ ಬಾಗಿಲು ತೆಗೆಯಿತು. ಅದರ ಒಂದೊಂದು ಹೆಜ್ಜೆಯೂ ಹೊರಗೆ ಸದ್ದಿಲ್ಲದೆ ದಾಖಲಾಗುತ್ತಿತ್ತು. ತನ್ನ ಮೈಯನ್ನು ತಾನೇ ಓದುವ ಸಾಲುಗಳನ್ನೆಲ್ಲ ಆರಿಸಿ ಕೊಡುವಂತೆ ಆಕೆ ಹೇಳಿದಳು. ಏಳು ಜಾಗ. ಏಳು ಕಾವಲುಗಾರರು, ಒಬ್ಬರ ಬೆನ್ನು ಒಬ್ಬರು ಕಾಯುತ್ತಾ.

"ಇನ್ನು ಇಲ್ಲೇ ಇರಲಿ ಬಿಡಿ ಮೇಡಂ," ಎಂದ ರಿಪೇರಿಯವನು. "ಈ ಸುಳ್ಳು ಕಂಪ್ಯೂಟರಿಗೆ ಹಳೇ ಯಂತ್ರದ ಗುರುತು ಕೊಟ್ರೆ ಬೀಗ ತಾನೇ ಒಪ್ಕೊಳ್ಳುತ್ತೆ. ಯಾವ ಸಾಲೂ ಮುಟ್ಟೋದು ಬೇಡ. ಇವತ್ತೇ ಕೆಲಸ ಶುರು."

ಆಕೆ ಬೇಡವೆಂದು ತಲೆಯಾಡಿಸಿದಳು. "ಒಳಗೆ ಆ ತಿರುಚಾಟ ಹಾಗೇ ಕೂತಿರುತ್ತೆ. ಹತ್ತು ವರ್ಷ ಬಿಟ್ಟು ಇನ್ಯಾರೋ ಏನೋ ಸರಿ ಮಾಡೋಕೆ ಅಂತ ಮುಟ್ತಾರೆ. ಆಗ ನಾನೂ ಇರಲ್ಲ, ಹೇಳೋಕೆ. ಕಿತ್ತೇ ಹಾಕೋಣ."

ಮಧ್ಯಾಹ್ನದ ಹೊತ್ತಿಗೆ ಅದು ಸಿಕ್ಕಿತು. ಹನ್ನೆರಡು ಸೂಚನೆಗಳು, ಅಷ್ಟೇ. ಒಂದನೇ ಚುಕ್ಕಿ ಇದೆಯಾ, ನಾಲ್ಕನೇದು ಇದೆಯಾ, ಐದನೇದು ಖಾಲಿಯಾ, ಇದು ಅಂಕಿಯಾ ಎಂದು ಕೇಳಿ, ಹೌದೆಂದರೆ ಚುಕ್ಕಿಯನ್ನು ಕೆಳಗಿಳಿಸುವ ಹನ್ನೆರಡು ಸಾಲು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಆಕೆಗೆ ಒಂದು ಕ್ಷಣ ಅದರ ಮೇಲೆ ಪ್ರೀತಿಯೇ ಬಂತು, ಮರುಕ್ಷಣ ನಾಚಿಕೆಯಾಯಿತು.

"ಚೆನ್ನಾಗಿದೆ," ಎಂದ ರಿಪೇರಿಯವನು ಮೆಲ್ಲಗೆ.

"ಚೆನ್ನಾಗಿದೆ, ಅಲ್ವಾ?" ಎಂದಳು ಆಕೆಯೂ. ಆಮೇಲೆ ಒಂದೊಂದರ ಮೇಲೂ 'ಏನೂ ಮಾಡಬೇಡ' ಎಂಬ ಸೂಚನೆಯನ್ನು ಬರೆಯುತ್ತಾ ಹೋದಳು. ಏನೂ ಮಾಡಬೇಡ, ಏನೂ ಮಾಡಬೇಡ, ಏನೂ ಮಾಡಬೇಡ. ಆಮೇಲೆ ಏಳು ಕಾವಲುಗಾರರನ್ನೂ ಒಬ್ಬೊಬ್ಬರನ್ನಾಗಿ ಮಲಗಿಸಿದಳು. ಕೊನೆಗೆ 'ಇದು ನನ್ನ ಯಂತ್ರವಲ್ಲ' ಎನ್ನುವ ಸಾಲನ್ನೂ ತೆಗೆದಳು.

ಇಡೀ ಪುಸ್ತಕವನ್ನು ಮೂರು ಸಲ ಒತ್ತಿಸಿದರು. ಮ್ಯಾನೇಜರ್ ಮೂಲಪುಸ್ತಕ ಹಿಡಿದು ಜೋರಾಗಿ ಓದಿದರು, ಪ್ರೂಫಣ್ಣ ಬೆರಳಿನಿಂದ ಹಿಂಬಾಲಿಸಿದರು. ನಾಲ್ಕು ದಿನ ಹಿಡಿಯಿತು. ಮೂರನೆಯ ಪ್ರತಿಯ ಕೊನೆಯ ಪುಟ ಮುಗಿದಾಗ ಪ್ರೂಫಣ್ಣ ಬೆರಳು ಎತ್ತಿ, "ಒಂದೂ ಜಾರಿಲ್ಲ," ಎಂದರು. ಶಾಲೆಗಳಿಂದ ಹಳೆಯ ಪುಸ್ತಕಗಳನ್ನು ವಾಪಸು ತರಿಸಲಾಯಿತು.

ಹುಡುಗಿಗೆ ಉತ್ತರವನ್ನು ಆಕೆ ಹೇಳಿದಳು, ಪ್ರೂಫಣ್ಣ ಬರೆದರು. 'ನಿನ್ನ ತಲೆ ಎಲ್ಲೂ ತಪ್ಪಿಲ್ಲ ಮಗಳೇ. ಇಪ್ಪತ್ತಾರೇ ಸರಿ. ಪುಸ್ತಕಕ್ಕೆ ಸುಳ್ಳು ಹೇಳಲು ಕಲಿಸಿದ್ದು ನಾನು, ಬಹಳ ಹಿಂದೆ, ಬೇರೆಯವರ ಮೇಲಿನ ಸಿಟ್ಟಿಗೆ. ಈಗ ಅದನ್ನು ತೆಗೆದಿದ್ದೇನೆ. ನೀನು ನಾಲ್ಕು ಸಲ ಮಾಡಿ ನೋಡಿದೆಯಲ್ಲ, ಅದಕ್ಕೆ ನನ್ನ ನಮಸ್ಕಾರ. ಈ ಪತ್ರವನ್ನು ನಿನ್ನ ಟೀಚರಿಗೂ ಓದಿ ಹೇಳು.'

"'ಸಿಟ್ಟಿಗೆ' ಅಂತಲೇ ಬರೀಲಾ?" ಪ್ರೂಫಣ್ಣ ಕೇಳಿದರು.

"ಬರೀರಿ."

ಹತ್ತು ದಿನಕ್ಕೆ ಮರು ಉತ್ತರ ಬಂತು. ಹೊಸ ಪುಸ್ತಕಗಳ ಕೊನೆಯ ಕಟ್ಟನ್ನು ಹೊರಡಿಸುವ ದಿನ ಅದು, ಆಕೆಯನ್ನೂ ಚಹಾಕ್ಕೆಂದು ಕರೆದಿದ್ದರು. ಗಂಡನೂ ಜೊತೆಗೆ ಬಂದು ರಿಪೇರಿಯವನ ಸ್ಟೂಲಿನ ಮೇಲೆ ಕೂತಿದ್ದ. ಪ್ರೂಫಣ್ಣ ಪತ್ರದ ಮೇಲೆ ಬೆರಳಾಡಿಸುತ್ತಾ ಮೊದಲು ತಾವೊಬ್ಬರೇ ನಕ್ಕರು.

"ಜೋರಾಗಿ ಓದಿ ಸ್ವಾಮಿ, ನಮಗೂ ನಗು ಬೇಕು," ಎಂದ ಗಂಡ.

"'ನಿಮ್ಮ ಪತ್ರ ಓದಿ ಖುಷಿಯಾಯಿತು. ಟೀಚರಿಗೆ ಎರಡು ಸಲ ಓದಿ ಹೇಳಿದೆ. ಹೊಸ ಪುಸ್ತಕ ಬಂತು. ಐದನೇ ಪಾಠದ ಎಂಟನೇ ಲೆಕ್ಕದ ಉತ್ತರ ಈಗಲೂ ತಪ್ಪಿದೆ. ಎಪ್ಪತ್ತೆರಡು ಅಂತ ಇದೆ, ಎಪ್ಪತ್ತು ಆಗಬೇಕು. ಇದೂ ಸಿಟ್ಟಿಗೆ ಮಾಡಿದ್ದಾ?'"

ಆಕೆಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಏಳು ಕಾವಲುಗಾರರ ಮುಖಗಳು ಒಮ್ಮೆಲೇ ಕಣ್ಣ ಮುಂದೆ ಬಂದವು. ಎಂಟನೆಯವನು ಇದ್ದನೇ? ಮ್ಯಾನೇಜರ್ ಆಗಲೇ ಮೂಲಪುಸ್ತಕ ತೆಗೆದು ಪುಟ ಮಗುಚುತ್ತಿದ್ದರು. ಮೂಗಿನ ಮೇಲಿನ ಕನ್ನಡಕ ಸರಿಪಡಿಸಿ, ತುಟಿಯಲ್ಲೇ ಲೆಕ್ಕ ಮಾಡಿದರು.

"ಇಲ್ಲೂ ಎಪ್ಪತ್ತೆರಡೇ ಇದೆ," ಎಂದರು. "ಹುಡುಗಿ ಹೇಳಿದ್ದೇ ಸರಿ. ಇದು ಪುಸ್ತಕ ಬರೆದ ಮಹಾನುಭಾವರದ್ದು. ಎಲ್ಲ ಶಾಲೆಗಳಲ್ಲೂ ಇದನ್ನೇ ಓದ್ತಿದ್ದಾರೆ, ಒಬ್ಬರೂ ಬಾಯಿ ಬಿಟ್ಟಿಲ್ಲ!"

"ಆ ಮಗೂಗೆ ನನ್ನ ಕುರ್ಚಿ ಕೊಟ್ಟುಬಿಡಿ," ಎಂದರು ಪ್ರೂಫಣ್ಣ. "ಶಾಲೆ ಮುಗೀಲಿ. ಅಲ್ಲಿ ತನಕ ನಾನು ಹೇಗಾದ್ರೂ ಕಾಯ್ತೀನಿ."

ಎಲ್ಲರ ನಗು ಮೆಟ್ಟಿಲ ಮೇಲಕ್ಕೂ ಕೇಳಿರಬೇಕು. ಮಹಡಿಯಿಂದ ಒಬ್ಬ ಹೆಂಗಸು ಬಗ್ಗಿ ಏನಾಯಿತೆಂದು ಕೇಳಿದಳು. ಕಟ್ಟು ಕಟ್ಟುವ ಮುಂಚೆ ಪುಸ್ತಕಗಳನ್ನು ಒಮ್ಮೆ ನೋಡಿ ಬರುತ್ತೇನೆಂದು ಆಕೆ ಮೇಲೆ ಹೋದಳು.

ಅಂಟು ಒಣಗಲೆಂದು ಪುಸ್ತಕಗಳನ್ನು ತಾರಸಿಯ ಮೇಲೆ ಉದ್ದದ ಹಲಗೆಗಳಲ್ಲಿ ತೆರೆದು ಇಟ್ಟಿದ್ದರು. ಪುಟಗಳು ಬರಿದಾಗಿ, ಬೆಳ್ಳಗೆ ಕಾಣುತ್ತಿದ್ದವು. ಹೊಲಿಯುವ ಹೆಂಗಸರು ಗೋಡೆಗೆ ಒರಗಿ ಕಾಲು ಚಾಚಿ ಏನೋ ಮಾತಾಡಿಕೊಳ್ಳುತ್ತಿದ್ದರು. ಆಕೆಯೂ ಅವರ ಪಕ್ಕ ಜಾಗ ಮಾಡಿಕೊಂಡು ಕೂತಳು. ಸೂರ್ಯ ಎದುರಿನ ಕಟ್ಟಡಗಳ ಅಂಚಿಗೆ ಇಳಿಯುತ್ತಿದ್ದ. ಬಿಸಿಲು ಓರೆಯಾದಂತೆ ಪುಟಗಳ ಮೇಲೆ ಒಂದೊಂದೇ ಚುಕ್ಕಿ ಎದ್ದು ಬಂತು. ಪ್ರತಿ ಚುಕ್ಕಿಗೂ ಸಾಸಿವೆಯಷ್ಟು ನೆರಳು.